ಗಜವೀರನಿಗೆ ಮಸಿ ಹಚ್ಚುವ ಮುನ್ನ

ನಮ್ಮ ಕಿತ್ತೂರು ಕಡೆ ಬಣ್ಣದ ಮಾತು ತೆಗೆದರೆ ಬರುವ ಮೊದಲ ಉತ್ತರ, "ಏ, ನಮ್ಮಲ್ಲಿ ಅಂಥಾದ್ದೇನೂ ಇಲ್ಲ ಬಿಡ್ರಿ." ಆದರೆ ಹೆಣ್ಣು ನೋಡಿ ಬಂದವರ ಮಾತು ಕೇಳಿ: "ಹುಡುಗಿ ಎಲ್ಲಾ ಚಲೋ ಅದಾಳ, ಬಣ್ಣ ಒಂದೀಟು ಕಡಿಮಿ." ಎರೆಹೊಲ ಕಪ್ಪಿದ್ದಷ್ಟೂ ಬೆಲೆ ಜಾಸ್ತಿ, ಮೈ ಕಪ್ಪಾದರೆ ಮಾತ್ರ ಕಡಿಮಿ! ಇದನ್ನು ಮಕ್ಕಳಿಗೆ ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ಪಡಸಾಲೆಯಲ್ಲಿ ಆಡುತ್ತಾ ಕೇಳಿಸಿಕೊಳ್ಳುತ್ತಾರೆ.

ಹೀಗೆ ಕಲಿತದ್ದು ವೇದಿಕೆ ಮೇಲೆ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಶಾಲೆಯ ಗ್ಯಾದರಿಂಗ್‌ಗಳಲ್ಲಿ ಆಡುವ ರಾಯಣ್ಣನ ನಾಟಕವನ್ನೇ ತಗೊಳ್ಳಿ. ರಾಯಣ್ಣನ ಸಂಗಡ ಗಜವೀರ ಅನ್ನುವ ಸಿದ್ದಿ ಇದ್ದ ಅಂತ ನಮ್ಮ ಕಡೆ ಕಥೆ ಹೇಳುವವರೆಲ್ಲ ಹೇಳುತ್ತಾರೆ. ನಾನು ಕಂಡ ನಾಟಕಗಳಲ್ಲಿ ಆ ಪಾತ್ರದ ಹುಡುಗನಿಗೆ ಮೈತುಂಬ ಮಸಿ, ಸೊಂಟಕ್ಕೆ ಸೊಪ್ಪು, ಬಾಯಲ್ಲಿ "ಹೂ ಹಾ". ಜನ ನಗುತ್ತಾರೆ. ಮಾಸ್ತರರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ನಾಟಕದ ಕಟ್ಟಡದ ಬಗ್ಗೆ. ರಾಯಣ್ಣನಿಗೆ ತಾಯಿ ಕೆಂಚಮ್ಮ ಇದ್ದಾಳೆ, ಸಂಗೊಳ್ಳಿ ಇದೆ. ಬಾಳಪ್ಪನಿಗೆ ಅಮಟೂರು ಇದೆ, ಥ್ಯಾಕರೆಗೆ ಹೊಡೆದ ಗುರಿ ಇದೆ. ಗಜವೀರನಿಗೆ ತಾಯಿಯೂ ಇಲ್ಲ, ಊರೂ ಇಲ್ಲ, ಮಾತೂ ಇಲ್ಲ. ಅವನಿಗೆ ಇರುವುದು ಮೈ ಒಂದೇ.

ಸಿದ್ದಿಗಳೇನು ಎಲ್ಲೋ ದೂರದವರಲ್ಲ. ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಶತಮಾನಗಳಿಂದ ಇದ್ದಾರೆ. ಇವರ ಹಿರಿಯರಲ್ಲಿ ಹಲವರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡವರು ಕಾಡು ಸೇರಿದರು. ಕೊಂಕಣಿ, ಕನ್ನಡ ಮಾತಾಡುತ್ತಾರೆ. ನಮ್ಮ ಅವ್ವಂದಿರು ಹೊಲಿಯುವಂಥ ಕೌದಿಯನ್ನೇ ಸಿದ್ದಿ ಹೆಣ್ಣುಮಕ್ಕಳೂ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ನಮ್ಮ ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರ ತನಕ ಕಾಯಬೇಕಾಯಿತು. ಇಷ್ಟಾದರೂ ಸಿದ್ದಿ ಹುಡುಗ ಬಸ್ ಹತ್ತಿದರೆ ಕೇಳುವುದು, "ಯಾವ ದೇಶದಾಂವಪಾ ನೀ?"

ಸಿನಿಮಾದ ಕಥೆ? 2021ರ 'ಸಲಗ' ಚಿತ್ರದ ಸಿದ್ದಿ ಹಾಡು ನನಗೂ ಇಷ್ಟ. ಊರೂರಿನ ಮಕ್ಕಳು ಅದಕ್ಕೆ ಕುಣಿದರು. ಆದರೆ ಹಾಡಿದ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರ ಹೆಸರು ಕುಣಿದವರಲ್ಲಿ ಎಷ್ಟು ಮಂದಿಗೆ ಗೊತ್ತು? ಇನ್ನೊಂದು ದಾರಿಯೂ ಇತ್ತು. 1980ರ ದಶಕದಲ್ಲಿ ನೀನಾಸಮ್ ಬಳಗ ಯಲ್ಲಾಪುರದ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ಕಟ್ಟಿಕೊಂಡು ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ರಂಗಕ್ಕೆ ತಂದಿತು; ನಿರ್ದೇಶನ ಚಿದಂಬರರಾವ್ ಜಂಬೆಯವರದು. ಅಲ್ಲಿ ಸಿದ್ದಿಗಳು ಆಫ್ರಿಕಾದ ಒಂದು ಊರು ಮುರಿದುಬಿದ್ದ ಕಥೆಯನ್ನು ತಮ್ಮ ಬಾಯಿಂದಲೇ ಹೇಳಿದರು. ಮೈ ಜೊತೆಗೆ ಮಾತೂ ಸಿಕ್ಕಿತ್ತು.

ಮಾತು ಯಾಕೆ ಬೇಕು? 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಬಣ್ಣ ಬಿಟ್ಟರೆ ಎಲ್ಲಾ ಒಂದೇ. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯೇ ಚಂದ ಅಂದರು. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದು ಎಂದ 1954ರ ತೀರ್ಪಿನಲ್ಲಿ ಆ ಕೆಲಸದ ಉಲ್ಲೇಖವಿದೆ. ಅಂದರೆ ದೊಡ್ಡವರು ಸುಮ್ಮನಿದ್ದರೂ ಮಕ್ಕಳ ಕಲಿಕೆ ನಿಲ್ಲುವುದಿಲ್ಲ. ತಾನು ಯಾರು ಅನ್ನುವ ಉತ್ತರವನ್ನು ಮಗು ನಗುವವರಿಂದ, ಅಣಕಿಸುವವರಿಂದ ಸಂಗ್ರಹಿಸುತ್ತದೆ. ಅದೇ ನಗುವಿನಲ್ಲಿ ಸಿದ್ದಿಯಲ್ಲದ ಮಗುವೂ ಕಲಿಯುತ್ತದೆ, ಯಾರನ್ನು ನೋಡಿ ನಗಬಹುದು ಅಂತ. 2020ರಲ್ಲಿ 'ಫೇರ್ ಅಂಡ್ ಲವ್ಲಿ' ಹೆಸರಿನಿಂದ 'ಫೇರ್' ಹೋಯಿತು. ನಮ್ಮ ಪಡಸಾಲೆಯ "ಬಣ್ಣ ಕಡಿಮಿ" ಹೋಗಲಿಲ್ಲ.

ಹಂಗಾದರ ಗಜವೀರನ ಪಾತ್ರವನ್ನೇ ಬಿಡೋಣೇನು ಅಂತ ಕೇಳಬಹುದು. ಬ್ಯಾಡ್ರಿ, ಬಿಟ್ಟರೆ ಅದು ಇನ್ನೂ ದೊಡ್ಡ ಮೌನ. ಮಸಿ ಬಿಡಿ, ಮಾತು ಕೊಡಿ. ತಾನು ಯಾವ ಊರಿನವ, ರಾಯಣ್ಣನ ಬೆನ್ನಿಗೆ ಯಾಕೆ ನಿಂತೆ ಅಂತ ಅವನೇ ಹೇಳಲಿ. ದಾಖಲೆ ಬೇಕು ಅನ್ನುವವರು ರಾಯಣ್ಣನ ಬಾಯಿಗೆ ನಾವು ಹಾಕಿದ ಡೈಲಾಗುಗಳಿಗೆಲ್ಲ ದಾಖಲೆ ಇದೆಯೇ ನೋಡಿಕೊಳ್ಳಲಿ. ನಾಟಕ ನೋಡುತ್ತಾ ಮಗು "ಅಪ್ಪಾ, ಸಿದ್ದಿ ಮಂದಿ ಯಾಕ ಹಂಗ ಕರ್ರಗದಾರ?" ಅಂತ ಕೇಳಿದರೆ "ಶ್, ಸುಮ್ಮ ಕೂಡು" ಅನ್ನಬೇಡಿ. ಅವರ ಹಿರಿಯರು ಎಲ್ಲಿಂದ ಬಂದರು, ಯಾರು ತಂದರು, ಹೇಗೆ ತಪ್ಪಿಸಿಕೊಂಡರು ಅನ್ನುವುದನ್ನು ಐದು ನಿಮಿಷದಲ್ಲಿ ಹೇಳಬಹುದು. ರಾಯಣ್ಣನ ಕಥೆ ಕೇಳುವ ವಯಸ್ಸಿನ ಮಗುವಿಗೆ ಇದೂ ತಿಳಿಯುತ್ತದೆ.