ವರ್ಸೇಲ್ಸ್: ಮರುವಸತಿಯಿಂದ ಪೌರತ್ವಕ್ಕೆ

ಎಸ್. ಲಿಯೋ ಚಿಯಾಂಗ್ ನಿರ್ದೇಶನದ ‘ಎ ವಿಲೇಜ್ ಕಾಲ್ಡ್ ವರ್ಸೇಲ್ಸ್’ (2009) ಸಾಕ್ಷ್ಯಚಿತ್ರವನ್ನು ಕೇವಲ ಪುನರ್ನಿರ್ಮಾಣದ ಕಥನವೆಂದು ಗ್ರಹಿಸುವುದು ಅಸಮರ್ಪಕವೆಂದು ನಾವು ಭಾವಿಸುತ್ತೇವೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೂರ್ವಭಾಗದಲ್ಲಿರುವ ಈ ವಿಯೆಟ್ನಾಮೀ ವಸತಿಯ ಹಿರಿಯರಲ್ಲಿ ಅನೇಕರು 1954ರಲ್ಲಿ ಉತ್ತರ ವಿಯೆಟ್ನಾಮನ್ನೂ 1975ರಲ್ಲಿ ದೇಶವನ್ನೇ ತೊರೆದವರು. 2005ರ ಕತ್ರಿನಾ ಚಂಡಮಾರುತ ಅವರನ್ನು ಮತ್ತೆ ಚದುರಿಸಿತು. ಚರ್ಚನ್ನು ಕೇಂದ್ರವಾಗಿಸಿಕೊಂಡು ಅವರು ಬೇಗನೆ ಮರಳಿದರು. ಆದರೆ 2006ರಲ್ಲಿ ನಗರಾಡಳಿತವು ಚಂಡಮಾರುತದ ಅವಶೇಷಗಳನ್ನು ಸುರಿಯಲು ಸಮೀಪದಲ್ಲೇ ತಾಣವೊಂದನ್ನು ತೆರೆದಾಗ, ಅದುವರೆಗೆ ಮೌನವಾಗಿದ್ದ ಸಮುದಾಯದ ವೃದ್ಧರೂ ಯುವಕರೂ ಒಟ್ಟಾಗಿ ಬೀದಿಗಿಳಿದರು; ಅದೇ ವರ್ಷ ಅದು ಮುಚ್ಚಿತು. ಚಿತ್ರದ ನಿಜವಾದ ತಿರುವು ಇಲ್ಲಿದೆ. ಮನೆಯನ್ನು ಮರಳಿ ಕಟ್ಟಿದವನು ನಿರಾಶ್ರಿತನಾಗಿಯೇ ಉಳಿಯಬಹುದು; ಪ್ರಭುತ್ವವನ್ನು ಪ್ರಶ್ನಿಸಿದಾಗ ಅವನು ಪೌರನಾಗುತ್ತಾನೆ. ವಲಸೆಯನ್ನು ತಾಯ್ನೆಲದ ಹಂಬಲದಲ್ಲಷ್ಟೇ ಅರಸುವ ಅಧ್ಯಯನಗಳಿಗೆ ಈ ಚಿತ್ರವು ಹಕ್ಕಿನ ನೆಲೆಯನ್ನೂ ತೋರಿಸಿಕೊಡುತ್ತದೆ.