ವಾಗ್ದಂಡನೆಯೋ, ಮಹಾಭಿಯೋಗವೋ?

ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷನ ಮೇಲೆ ಶಾಸನಸಭೆಯು ದೋಷವನ್ನು ಹೊರಿಸಿ ವಿಚಾರಿಸುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ‘ಇಂಪೀಚ್‌ಮೆಂಟ್’ ಎಂದು ಹೆಸರು. ನಮ್ಮ ವೃತ್ತಪತ್ರಿಕೆಗಳು ಇದನ್ನು ಒಮ್ಮೆ ‘ವಾಗ್ದಂಡನೆ’ ಎಂದೂ, ಒಮ್ಮೆ ‘ಮಹಾಭಿಯೋಗ’ ಎಂದೂ, ಮತ್ತೊಮ್ಮೆ ‘ದೋಷಾರೋಪಣೆ’ ಎಂದೂ ಬರೆಯುತ್ತವೆ. ಇವುಗಳಲ್ಲಿ ಮೊದಲನೆಯ ಪದವು ಅಭಿಪ್ರೇತವಾದ ಅರ್ಥವನ್ನು ಕೊಡಬಲ್ಲುದೇ ಎಂಬುದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ. ಇದು ಬರಿಯ ಶಬ್ದವ್ಯಸನವಲ್ಲ. ಆರೋಪಿತನನ್ನೂ ದಂಡಿತನನ್ನೂ ಒಂದೇ ಮಾತಿನಿಂದ ಹೇಳುವ ಭಾಷೆಯಲ್ಲಿ ಪ್ರಜೆಗಳ ನ್ಯಾಯಬುದ್ಧಿಯೂ ಕ್ರಮೇಣ ಮಂಕಾಗುವುದು.

‘ವಾಗ್ದಂಡ’ವು ಧರ್ಮಶಾಸ್ತ್ರದ ಪಾರಿಭಾಷಿಕ ಶಬ್ದ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ನಾಲ್ಕು ದಂಡಗಳು ಕ್ರಮವಾಗಿ ಉಕ್ತವಾಗಿವೆ. ಯಾಜ್ಞವಲ್ಕ್ಯನೂ ಈ ನಾಲ್ಕನ್ನು ಬಲ್ಲನು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಾಗ್ದಂಡವು ದಂಡವಾದುದರಿಂದ ದೋಷನಿರ್ಣಯವಾದ ಮೇಲೆಯೇ ಅದಕ್ಕೆ ಅವಕಾಶ. ಮಾತಿನಿಂದ ಗದರಿಸಿ ಬಿಡುವಷ್ಟೇ ಆದುದರಿಂದ ಅದು ಅತ್ಯಂತ ಲಘು. ಪ್ರಕೃತ ಕ್ರಮವಾದರೋ ನಿರ್ಣಯಕ್ಕೆ ಮೊದಲು ಆರಂಭವಾಗತಕ್ಕದ್ದು. ಅದರ ಫಲವಾದ ಪದಚ್ಯುತಿಯೂ ಲಘುವಲ್ಲ. ಹೀಗೆ ಎರಡು ಕಡೆಗಳಿಂದಲೂ ಈ ಪದವು ತಪ್ಪುತ್ತದೆ.

‘ಅಭಿಯೋಗ’ದ ಸ್ಥಿತಿ ಬೇರೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದೋಷವನ್ನು ಹೊರಿಸುವುದಕ್ಕೆ ಅದೇ ಹೆಸರು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆಯನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಇವರ ಮತ: ಭಾಷೆ, ಎಂದರೆ ವಾದಿಯ ಮಾತು, ಉತ್ತರ, ಕ್ರಿಯೆ, ಎಂದರೆ ಪ್ರಮಾಣಗಳಿಂದ ತೋರಿಸುವುದು, ಕಡೆಗೆ ಸಾಧ್ಯಸಿದ್ಧಿ. ಅಭಿಯೋಗವು ಮೊದಲನೆಯ ಪಾದಕ್ಕೆ ಸೇರಿದುದು. ದಂಡಕ್ಕೆ ನಾಲ್ಕನ್ನೂ ದಾಟಿದ ಮೇಲೆ ಪ್ರಸಕ್ತಿ. ಅಭಿಯೋಗವಾದೊಡನೆ ‘ವಾಗ್ದಂಡನೆಯಾಯಿತು’ ಎಂದು ಬರೆಯುವವರು ಉಳಿದ ಮೂರು ಪಾದಗಳನ್ನು ನುಂಗಿದಂತಾಯಿತು.

ಇದರಿಂದಾಗುವ ಅನರ್ಥಕ್ಕೆ ಅಮೆರಿಕದ ಇತಿಹಾಸವೇ ಸಾಕ್ಷಿ. ಅಲ್ಲಿ ಪ್ರತಿನಿಧಿಸಭೆಯು ದೋಷವನ್ನು ಹೊರಿಸುತ್ತದೆ, ಸೆನೆಟ್ ಸಭೆಯು ವಿಚಾರಿಸಿ ತೀರ್ಮಾನಿಸುತ್ತದೆ. 1868ರಲ್ಲಿ ಆಂಡ್ರೂ ಜಾನ್ಸನ್ನನ ಮೇಲೆ ಅಭಿಯೋಗವಾದಾಗ ಸೆನೆಟ್ಟಿನಲ್ಲಿ 35 ಮಂದಿ ದೋಷಿಯೆಂದೂ 19 ಮಂದಿ ನಿರ್ದೋಷಿಯೆಂದೂ ಮತವಿತ್ತರು. ಮೂರರಲ್ಲಿ ಎರಡು ಪಾಲಿಗೆ ಒಂದು ಮತ ಕಡಮೆಯಾಗಿ ಆತನು ಪದವಿಯಲ್ಲಿ ಉಳಿದನು. ಡೊನಾಲ್ಡ್ ಟ್ರಂಪರ ಮೇಲೆ 2019ರಲ್ಲಿಯೂ 2021ರಲ್ಲಿಯೂ ಅಭಿಯೋಗಗಳಾದುವು. ಎರಡು ಸಾರಿಯೂ ಸೆನೆಟ್ಟಿನಿಂದ ಬಿಡುಗಡೆಯಾಯಿತು. ‘ವಾಗ್ದಂಡನೆಗೆ ಗುರಿಯಾದವನು ಪೀಠದಲ್ಲಿ ಉಳಿದದ್ದು ಹೇಗೆ?’ ಎಂದು ವಿದ್ಯಾರ್ಥಿಯು ಕೇಳಿದರೆ ಉಪಾಧ್ಯಾಯನು ಮೊದಲು ಪದವನ್ನು ತಿದ್ದಿ ಆಮೇಲೆ ವಿಷಯವನ್ನು ಹೇಳಬೇಕಾಗುತ್ತದೆ. ದಕ್ಷಿಣ ಕೊರಿಯದಲ್ಲಿಯೂ ಹೀಗೆಯೇ. ಶಾಸನಸಭೆಯು 2004ರಲ್ಲಿ ರೋ ಮೂ ಹ್ಯುನರ ಮೇಲೆಯೂ 2016ರಲ್ಲಿ ಪಾರ್ಕ್ ಗ್ಯುನ್ ಹೇ ಅವರ ಮೇಲೆಯೂ ದೋಷವನ್ನು ಹೊರಿಸಿತು. ಅಲ್ಲಿಯ ಸಂವಿಧಾನ ನ್ಯಾಯಾಲಯವು ಮೊದಲನೆಯವರನ್ನು ಪದವಿಯಲ್ಲಿ ನಿಲ್ಲಿಸಿತು. ಎರಡನೆಯವರನ್ನು 2017ರಲ್ಲಿ ಇಳಿಸಿತು. ಆರಂಭ ಒಂದೇ, ಸಿದ್ಧಿ ಬೇರೆ.

ಯೋಗಾರ್ಥಕ್ಕಿಂತ ರೂಢಿಯೇ ಬಲವತ್ತರವೆಂದು ಆಕ್ಷೇಪಿಸಬಹುದು. ರೂಢಿಯು ಸ್ಥಿರವಾಗಿದ್ದರೆ ಆ ಮಾತು ಒಪ್ಪತಕ್ಕದ್ದೇ. ಇಲ್ಲಿಯಾದರೋ ಮೂರು ಪದಗಳು ಪರಸ್ಪರ ಸೆಣಸುತ್ತಿರುವುದರಿಂದ ರೂಢಿಯೇ ಇನ್ನೂ ನೆಲೆಗೊಂಡಿಲ್ಲ. ಮೇಲಾಗಿ ‘ವಾಗ್ದಂಡನೆ’ಗೆ ತಕ್ಕ ವಿಷಯವು ಬೇರೆಯೇ ಇದೆ. 1834ರಲ್ಲಿ ಅಮೆರಿಕದ ಸೆನೆಟ್ ಸಭೆಯು ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ನನನ್ನು ನಿರ್ಣಯದ ಮೂಲಕ ಖಂಡಿಸಿತು. ಪದವಿಗೆ ಚ್ಯುತಿ ಬರಲಿಲ್ಲ. ಇದೇ ನಿಜವಾದ ವಾಗ್ದಂಡನೆ. ಆ ಹೆಸರನ್ನು ಅಭಿಯೋಗಕ್ಕೆ ಕೊಟ್ಟುಬಿಟ್ಟರೆ ಇದನ್ನು ಏನೆಂದು ಕರೆಯೋಣ? ಇನ್ನು, ‘ಮಹಾಭಿಯೋಗ’ವು ಹಿಂದಿಯ ಪದವೆಂದು ಕೆಲವರು ಹಿಂಜರಿಯಬಹುದು. ಸಂವಿಧಾನದ ಹಿಂದಿ ಪಾಠದಲ್ಲಿ ಅದಿರುವುದು ನಿಜ. ಆದರೆ ಸಂಸ್ಕೃತದ ಸೊತ್ತು ಉಭಯರಿಗೂ ಸಮಾನ. ಸಾಮಾನ್ಯ ನ್ಯಾಯಾಲಯದ ಅಭಿಯೋಗದಿಂದ ಇದನ್ನು ಬೇರ್ಪಡಿಸುವುದಕ್ಕೆ ‘ಮಹಾ’ ಎಂಬ ವಿಶೇಷಣವೂ ಸಾರ್ಥಕ.

ನಮ್ಮ ಸಂವಿಧಾನವೂ ಈ ವಿವೇಕವನ್ನು ಪಾಲಿಸಿದೆ. 61ನೆಯ ಅನುಚ್ಛೇದದಂತೆ ರಾಷ್ಟ್ರಪತಿಯ ಮೇಲೆ ಸಂವಿಧಾನೋಲ್ಲಂಘನೆಯ ದೋಷವನ್ನು ಸಂಸತ್ತಿನ ಒಂದು ಸದನವು ಹೊರಿಸಬೇಕು, ಮತ್ತೊಂದು ಸದನವು ವಿಚಾರಿಸಬೇಕು; ಎರಡರಲ್ಲಿಯೂ ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಇದುವರೆಗೆ ಯಾವ ರಾಷ್ಟ್ರಪತಿಯೂ ಈ ವಿಧಿಯಿಂದ ಪದಚ್ಯುತರಾಗಿಲ್ಲ. ನ್ಯಾಯಾಧೀಶರ ವಿಷಯದಲ್ಲಿ ಸಂವಿಧಾನವು ಇದೇ ಶಬ್ದವನ್ನು ಪ್ರಯೋಗಿಸದೆ, ‘ಪದದಿಂದ ತೆಗೆಯುವುದು’ ಎಂದಷ್ಟೇ ಹೇಳುತ್ತದೆ. ಕರ್ಣಾಟಕ ಉಚ್ಚ ನ್ಯಾಯಾಲಯದ ಅಂದಿನ ಮುಖ್ಯ ನ್ಯಾಯಾಧೀಶರಾದ ಪಿ. ಡಿ. ದಿನಕರನ್ ಅವರನ್ನು ತೆಗೆಯಬೇಕೆಂದು 2009ರ ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಮಂದಿ ಸದಸ್ಯರು ಸೂಚನೆಯನ್ನಿತ್ತರು, ವಿಚಾರಣಾಸಮಿತಿಯೂ ಏರ್ಪಟ್ಟಿತು. 2011ರ ಜುಲೈಯಲ್ಲಿ ಅವರು ರಾಜೀನಾಮೆಯನ್ನಿತ್ತುದರಿಂದ ಸದನವು ಮತವೀಯುವ ಪ್ರಸಂಗವೇ ಒದಗಲಿಲ್ಲ. ಸಾಧ್ಯವು ಸಿದ್ಧವಾಗದ ಇಂತಹ ಸ್ಥಳದಲ್ಲಿ ‘ದಂಡನೆ’ ಎಂಬ ಮಾತನ್ನು ಎತ್ತುವುದು ಭಾಷೆಗೂ ನ್ಯಾಯಕ್ಕೂ ದೂರ.

ಕೊಕ್ಕನೂರಿನ ಸುತ್ತಣ ಹಳ್ಳಿಗಳಲ್ಲಿ ಗ್ರಾಮಪಂಚಾಯಿತಿಯ ಅಧ್ಯಕ್ಷರ ಮೇಲೆ ‘ಅವಿಶ್ವಾಸ’ ಬಂದಿತೆಂದರೆ ಅಕ್ಷರವರಿಯದವರಿಗೂ ಅರ್ಥವಾಗುತ್ತದೆ; ಅದು ಬಂದುದಕ್ಕೂ ಗೆದ್ದುದಕ್ಕೂ ಇರುವ ಅಂತರವನ್ನು ಅವರು ಚೆನ್ನಾಗಿ ಬಲ್ಲರು. ಪದವು ವಿಷಯಕ್ಕೆ ಒಪ್ಪಿದ್ದರೆ ಜನರು ತಾವಾಗಿಯೇ ವಿವೇಚಿಸಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆದುದರಿಂದ ದೋಷವನ್ನು ಹೊರಿಸುವುದಕ್ಕೆ ಮಹಾಭಿಯೋಗ, ತೆಗೆಯುವುದಕ್ಕೆ ಪದಚ್ಯುತಿ, ಬರಿಯ ಖಂಡನೆಗೆ ವಾಗ್ದಂಡನೆ, ಸಭೆಯ ವಿಶ್ವಾಸವು ತಪ್ಪಿದುದಕ್ಕೆ ಅವಿಶ್ವಾಸ ಎಂದು ನಾಲ್ಕು ವಿಷಯಗಳಿಗೆ ನಾಲ್ಕು ಪದಗಳನ್ನು ನಿಯತವಾಗಿ ಬಳಸಬೇಕೆಂದು ನನ್ನ ಸೂಚನೆ. ವಿದ್ವಾಂಸರು ಇದರ ಯುಕ್ತಾಯುಕ್ತತೆಯನ್ನು ವಿಚಾರಿಸಿ, ಒಪ್ಪಿಗೆಯಾದರೆ ಪಾಠಶಾಲೆಗಳಲ್ಲಿ ಬಳಕೆಗೆ ತರಬೇಕೆಂದು ಅರಿಕೆ ಮಾಡಿಕೊಳ್ಳುತ್ತೇನೆ.