ಸಮವಸ್ತ್ರ ಕಳಚಿದ ಮೇಲೆ ಕರಿಕೋಟು

ನಮ್ಮ ಸಿನಿಮಾ, ನಾಟಕ, ಕತೆಗಳಲ್ಲಿ ಸೈನಿಕನಿಗೆ ಹೆಚ್ಚೆಂದರೆ ಎರಡು ಪಾತ್ರ. ಒಂದೋ ಆತ ಗಡಿಯಲ್ಲಿ ಕಾದಾಡುತ್ತಾನೆ, ಇಲ್ಲವೇ ತ್ರಿವರ್ಣ ಧ್ವಜ ಹೊದ್ದು ಊರಿಗೆ ಮರಳುತ್ತಾನೆ. 1990ರಲ್ಲಿ ತೆರೆಕಂಡ ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನ ಹಾರ’ವನ್ನು ಮೆಚ್ಚದ ಕನ್ನಡಿಗರು ಕಡಿಮೆ. ವಿಷ್ಣುವರ್ಧನ್ ಅವರ ಆ ಸೈನಿಕ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದಾನೆಂದರೆ, ಫೌಜು ಬಿಟ್ಟು ಬಂದವನಿಗೂ ಒಂದು ಬದುಕಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ವಕೀಲನ ಗತಿಯೂ ಅಷ್ಟೆ. ಆತ ಮೇಜು ಕುಟ್ಟಿ ‘ಮೈ ಲಾರ್ಡ್’ ಎಂದು ಗುಡುಗಿದರೆ ಪಾತ್ರ ಮುಗಿಯಿತು. ಮೂವತ್ತೆಂಟು, ನಲವತ್ತರ ವಯಸ್ಸಿನಲ್ಲಿ ಡಿಸ್ಚಾರ್ಜ್ ಬುಕ್ ಹಿಡಿದು ಊರಿಗೆ ಬಂದು, ತನ್ನ ಮಗಳ ವಾರಿಗೆಯ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಕಾನೂನು ಓದಿ, ತಾಲೂಕು ಕೋರ್ಟಿನಲ್ಲಿ ಮೊದಲ ವಕಾಲತ್ತಿಗೆ ಸಹಿ ಹಾಕುವ ಮನುಷ್ಯನೊಬ್ಬನಿದ್ದಾನೆ. ಅವನನ್ನು ನಮ್ಮ ಕಲೆ ಕಂಡಿಲ್ಲ. ನಮ್ಮ ನಿಯಮಗಳೂ ಕಂಡಿಲ್ಲ. ಈ ಎರಡು ಕುರುಡುತನಗಳಿಗೆ ಸಂಬಂಧವಿದೆ ಎಂಬುದು ನಮ್ಮ ಅಭಿಪ್ರಾಯ.

ಇಂಥವನ ಕತೆಗೆ ಬೆಳಗಾವಿಗಿಂತ ತಕ್ಕ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ. ಮಿಲಿಟರಿ ಶಾಲೆ 1945ರದ್ದು. ಕ್ಯಾಂಪಿನಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಟಿಳಕವಾಡಿ. ಅಲ್ಲಿ ಕರ್ನಾಟಕ ಲಾ ಸೊಸೈಟಿ 1939ರಲ್ಲಿ ಆರಂಭಿಸಿದ ರಾಜಾ ಲಖಮಗೌಡ ಕಾನೂನು ಕಾಲೇಜು ಇದೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ. ಎಸ್. ವೆಂಕಟರಾಮಯ್ಯನವರು ಓದಿದ್ದು ಅಲ್ಲಿಯೇ. ಕೆಎಲ್‌ಇ ಸಂಸ್ಥೆಯ ಬಿ. ವಿ. ಬೆಲ್ಲದ ಕಾನೂನು ಕಾಲೇಜೂ ಇದೇ ನಗರದಲ್ಲಿದೆ. ಇನ್ನು ಗೋವಾ ದಿಕ್ಕಿಗೆ ಇಪ್ಪತ್ತೈದು ಕಿಲೋಮೀಟರು ಹೋದರೆ ಖಾನಾಪುರ. ಘಟ್ಟದ ಸೆರಗಿನ ಈ ತಾಲೂಕಿನ ಹಳ್ಳಿಗಳಿಂದ ಪಲಟಣಕ್ಕೆ ಹೋದವರು ಕಡಿಮೆಯಲ್ಲ. ಹೀಗೆ ಫೌಜು, ಕಾನೂನು ಕಾಲೇಜು, ತಾಲೂಕು ಕೋರ್ಟು ಮೂರೂ ಒಂದೇ ರಸ್ತೆಯ ಮೇಲಿದ್ದರೂ ಇವುಗಳ ನಡುವೆ ಓಡಾಡುವವನ ಬಗ್ಗೆ ಬರೆದವರಿಲ್ಲ.

ಸೈನಿಕ ಮತ್ತು ಕಾನೂನು ಮುಖಾಮುಖಿಯಾದ ಕೃತಿ ಇಲ್ಲವೆಂದಲ್ಲ. ಸ್ವದೇಶ್ ದೀಪಕ್ ಅವರ ‘ಕೋರ್ಟ್ ಮಾರ್ಷಲ್’ ಎಂಬ ಹಿಂದಿ ನಾಟಕ 1991ರಿಂದ ರಂಗದ ಮೇಲಿದೆ. ಮೇಲಧಿಕಾರಿಗಳಿಂದ ಜಾತಿಯ ಅವಮಾನ ಸಹಿಸಿ ಸಹಿಸಿ ಕೊನೆಗೆ ಬಂದೂಕು ಎತ್ತಿದ ರಾಮಚಂದರ್ ಎಂಬ ಜವಾನನ ವಿಚಾರಣೆ ಅದರ ವಸ್ತು. ಸೈನ್ಯದೊಳಗಿನ ಜಾತಿಯನ್ನು ಅಷ್ಟು ನಿಷ್ಠುರವಾಗಿ ಹೇಳಿದ ನಾಟಕ ಅಪರೂಪ. ಅದರ ಕೀರ್ತಿಗೆ ಅದು ಅರ್ಹವಾಗಿಯೇ ಇದೆ. ಆದರೂ ಒಂದು ಮಾತು ಹೇಳಲೇಬೇಕು. ಆ ನಾಟಕದಲ್ಲಿ ವಾದಿಸುವವರು ಅಧಿಕಾರಿಗಳು, ತೀರ್ಪು ಕೊಡುವವರು ಅಧಿಕಾರಿಗಳು. ಜವಾನನ ಪರವಾಗಿ ನಿಲ್ಲುವ ಬಿಕಾಶ್ ರಾಯ್ ಕೂಡ ಕ್ಯಾಪ್ಟನ್ನೇ. ಸಿಪಾಯಿಯ ಪಾಲಿಗೆ ಉಳಿದದ್ದು ಮೌನ. ಆತನ ಮೌನದಿಂದಲೇ ನಾಟಕಕ್ಕೆ ಬಲ ಬಂದಿದೆ, ನಿಜ. ಆದರೆ ಸಿಪಾಯಿ ಬಾಯಿಬಿಟ್ಟು ವಾದಿಸಿದರೆ ಹೇಗಿರುತ್ತಿತ್ತು ಎಂಬ ಕುತೂಹಲ ನಾಟಕಕಾರರಿಗೆ ಬಂದಂತಿಲ್ಲ.

ಇದು ಬರೀ ನಾಟಕದ ಮಿತಿಯಲ್ಲ, ಸೈನ್ಯದ ಕಾನೂನಿನ ಸ್ವರೂಪವೇ ಹಾಗಿದೆ. 1950ರ ಸೇನಾ ಕಾಯ್ದೆಯಲ್ಲಿ ಸಮರಿ ಕೋರ್ಟ್ ಮಾರ್ಷಲ್ ಎಂಬ ವಿಚಾರಣೆಯಿದೆ. ಅದರಲ್ಲಿ ಘಟಕದ ಕಮಾಂಡಿಂಗ್ ಅಧಿಕಾರಿ ಒಬ್ಬನೇ ನ್ಯಾಯಾಲಯ. ಅಲ್ಲಿ ಸಿಪಾಯಿಗೆ ವಕೀಲನಿಲ್ಲ. ‘ಆರೋಪಿಯ ಮಿತ್ರ’ ಎಂಬ ಒಬ್ಬ ಪಕ್ಕದಲ್ಲಿ ಕೂತು ಸಲಹೆ ಕೊಡಬಹುದು, ಎದ್ದು ವಾದಿಸುವಂತಿಲ್ಲ. ಶಿಕ್ಷೆ ಮಾತ್ರ ನೌಕರಿಯಿಂದ ವಜಾ ಮಾಡುವವರೆಗೆ, ಒಂದು ವರ್ಷದ ಸೆರೆವಾಸದವರೆಗೂ ಹೋಗಬಹುದು. ಸಂವಿಧಾನದ 33ನೇ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಶಿಸ್ತಿಲ್ಲದೆ ಸೈನ್ಯವಿಲ್ಲ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹದಿನೈದು, ಇಪ್ಪತ್ತು ವರ್ಷ ಆ 33ನೇ ವಿಧಿಯ ನೆರಳಿನಲ್ಲಿ ಬದುಕಿದವನು ಟಿಳಕವಾಡಿಯ ತರಗತಿಯಲ್ಲಿ ಕೂತು 19ನೇ ವಿಧಿಯನ್ನು ಓದುವ ಗಳಿಗೆಯನ್ನು ಊಹಿಸಿಕೊಳ್ಳಿ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಎರಡೂ ಕಡೆಯ ಮಾತು ಕೇಳದೆ ತೀರ್ಪು ಕೊಡಬಾರದು ಎಂಬ ಸಹಜ ನ್ಯಾಯದ ಪಾಠ ಪಕ್ಕದ ಹುಡುಗನಿಗೆ ಐದು ಅಂಕದ ಪ್ರಶ್ನೆ. ಇವನಿಗೆ ಅದು ಕಳೆದ ಅರ್ಧ ಆಯುಷ್ಯದ ಲೆಕ್ಕಪತ್ರ. ಒಳ್ಳೆಯ ಕಾದಂಬರಿಕಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಆದರೆ ಆ ಬೆಂಚಿನವರೆಗೆ ಬರುವುದೇ ಒಂದು ಸಾಹಸ. ಹದಿನೈದು ವರ್ಷ ಸೇವೆ ಮುಗಿಸಿದ, ಹತ್ತನೇ ತರಗತಿ ಓದಿದ ಸೈನಿಕನನ್ನು ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರನಂತೆ ಪರಿಗಣಿಸಲು ಸರಕಾರ ಒಪ್ಪಿದೆ. ಅದಕ್ಕೊಂದು ಪ್ರಮಾಣಪತ್ರವೂ ಸಿಗುತ್ತದೆ. ಆ ಕಾಗದ ಗುಮಾಸ್ತಿಕೆಗೆ ಸಾಕು, ಎಲ್ಎಲ್‌ಬಿಗೆ ಸಾಲದು. ಅಲ್ಲಿ ವಿಶ್ವವಿದ್ಯಾಲಯದ ಪದವಿಯೇ ಬೇಕು, ಅದರಲ್ಲೂ ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕ ಬೇಕು. ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ಟ್ರಂಕು ಹೊತ್ತುಕೊಂಡು, ರಾತ್ರಿ ಕಾವಲಿನ ಬಿಡುವಿನಲ್ಲಿ ಅಂಚೆ ಮೂಲಕ ಬಿಎ ಮುಗಿಸಿದವನಿಗೆ ಆ ಅಂಕ ಸುಲಭದ್ದಲ್ಲ. ಕಾನೂನನ್ನು ಮಾತ್ರ ಅಂಚೆ ಮೂಲಕ ಓದುವಂತಿಲ್ಲ; ಹಾಜರಾತಿ ಬೇಕು. ಅದು ಸರಿಯೇ. ವಕೀಲಿಕೆ ಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭವಾಗಿ, ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶವಿರುವುದು ಇಂಥವರಿಗೆ ದೊಡ್ಡ ಆಸರೆ ಎಂಬುದನ್ನೂ ಹೇಳಬೇಕು.

ವಯಸ್ಸಿನ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಸಹನೆ ಕಡಿಮೆಯಾಗುತ್ತದೆ. 1993ರಲ್ಲಿ ಭಾರತೀಯ ವಕೀಲರ ಪರಿಷತ್ತು, ಎಂದರೆ ಬಾರ್ ಕೌನ್ಸಿಲ್, 45 ವರ್ಷ ದಾಟಿದವರಿಗೆ ಸನದು ಕೊಡಬಾರದೆಂದು ನಿಯಮ ಮಾಡಿತು. ಅದಕ್ಕೆ ಕೊಟ್ಟ ಕಾರಣ ಗಮನಿಸುವಂಥದ್ದು. ಸರಕಾರಿ ನೌಕರಿಯಿಂದ ನಿವೃತ್ತರಾದವರು ಹಳೆಯ ಪರಿಚಯಗಳನ್ನು ಬಳಸಿಕೊಂಡು ಕಕ್ಷಿದಾರರನ್ನು ಸೆಳೆಯುತ್ತಾರೆ, ವೃತ್ತಿಯ ಘನತೆ ಕೆಡುತ್ತದೆ ಎಂಬುದು ಅದರ ಸಾರ. ತಂದೆಯ ಚೇಂಬರು, ಮಾವನ ಹೆಸರು, ಮನೆತನದ ಕಕ್ಷಿದಾರರು ಇವುಗಳ ಬಲದ ಮೇಲೆ ನಿಂತ ವೃತ್ತಿಯೊಂದು ‘ಪರಿಚಯ’ದ ಬಗ್ಗೆ ಇಷ್ಟು ಆತಂಕಪಟ್ಟದ್ದು ತಮಾಷೆಯೇ ಸರಿ. ನಲವತ್ತೆರಡಕ್ಕೆ ಹವಾಲ್ದಾರನಾಗಿ ಹೊರಬಂದವನು ಮರುವರ್ಷ ಕಾಲೇಜು ಸೇರಿದರೂ ಪದವಿ ಕೈಗೆ ಬರುವಾಗ ನಲವತ್ತಾರು. ಆ ನಿಯಮದ ಪ್ರಕಾರ ಅವನು ಓದಿದ್ದೆಲ್ಲ ವ್ಯರ್ಥ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಹಿಂದೆಯೇ ಸನದು ಪಡೆದು, ಇನ್ನೇನೋ ನೌಕರಿ ಮಾಡಿ, ಐವತ್ತಕ್ಕೆ ಮರಳಿ ಬರುವವನಿಗೆ ಬಾಗಿಲು ತೆರೆದಿರುವಾಗ ಹೊಸಬನಿಗೆ ಮಾತ್ರ ಏಕೆ ಮುಚ್ಚಬೇಕು ಎಂಬುದು ತೀರ್ಪಿನ ಒಂದು ಮುಖ್ಯ ತರ್ಕ. ಇಷ್ಟಾದರೂ ಪರಿಷತ್ತಿಗೆ ವಯಸ್ಸಿನ ಗೀಳು ಬಿಡಲಿಲ್ಲ. 2008ರ ನಿಯಮಗಳಲ್ಲಿ ಮೂರು ವರ್ಷದ ಎಲ್ಎಲ್‌ಬಿ ಪ್ರವೇಶಕ್ಕೇ 30 ವರ್ಷದ ಮಿತಿ ಬಂತು. 2013ರಲ್ಲಿ ಅದನ್ನು ಹಿಂತೆಗೆದುಕೊಂಡರು, 2016ರಲ್ಲಿ ಮತ್ತೆ ತಂದರು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಮೂವತ್ತರೊಳಗೆ ಪಿಂಚಣಿಯ ಸೇವೆ ಮುಗಿಸಿ ಬರುವ ಸಿಪಾಯಿ ಎಲ್ಲಿದ್ದಾನೆ? ನಿಯಮ ಬರೆದವರ ಕಣ್ಣೆದುರು ಅವನಿರಲಿಲ್ಲ. ಅವನನ್ನು ಹೊರಗಿಡಬೇಕೆಂಬ ದುರುದ್ದೇಶ ಅವರಿಗಿತ್ತೆಂದು ನಾವು ಹೇಳುತ್ತಿಲ್ಲ. ಅವನು ನೆನಪಿಗೇ ಬರಲಿಲ್ಲ ಎನ್ನುತ್ತಿದ್ದೇವೆ.

ಬೇರೆಡೆ ನೆನಪಿಸಿಕೊಂಡವರಿದ್ದಾರೆ. ಅಮೆರಿಕ 1944ರಲ್ಲಿ ಜಿಐ ಬಿಲ್ ಎಂಬ ಕಾಯ್ದೆ ತಂದು, ಯುದ್ಧ ಮುಗಿಸಿ ಬಂದ ಸುಮಾರು 22 ಲಕ್ಷ ಸೈನಿಕರನ್ನು ಸರಕಾರಿ ಖರ್ಚಿನಲ್ಲಿ ಕಾಲೇಜಿಗೆ ಕಳಿಸಿತು. ಕಪ್ಪು ಸೈನಿಕರಿಗೆ ಅದರ ಫಲ ಸರಿಯಾಗಿ ಸಿಗಲಿಲ್ಲ ಎಂಬ ಕಳಂಕ ಅದಕ್ಕಿದೆ. ನಮ್ಮಲ್ಲಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಿದೆ. ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ವಿಧವೆಯರಿಗೆ. ಬಹಳ ಒಳ್ಳೆಯ ಯೋಜನೆ. ಆದರೆ ಮಾಜಿ ಸೈನಿಕ ಸ್ವತಃ ಓದಬಯಸಿದರೆ? ಅವನಿಗೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸವಿದೆಯಲ್ಲ! ಅಂದಹಾಗೆ ಆ ಕೆಲಸ ಹಿಡಿದು ವಕೀಲಿಕೆಯನ್ನೂ ಮಾಡುತ್ತೇನೆ ಎನ್ನುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವನು ವೃತ್ತಿ ನಡೆಸಬಾರದೆಂಬುದು ಪರಿಷತ್ತಿನ ನಿಯಮ. ಪಿಂಚಣಿ ಸಂಬಳವಲ್ಲ, ಅದೊಂದೇ ಸಮಾಧಾನ.

ಸನದು ಕೈಗೆ ಬಂದ ಮೇಲಿನ ಕತೆ ಇನ್ನೂ ರೋಚಕ. ಚೈತನ್ಯ ತಾಮ್ಹಾಣೆ ಅವರ 2014ರ ‘ಕೋರ್ಟ್’ ಎಂಬ ಮರಾಠಿ ಚಿತ್ರವನ್ನು ಕೆಳ ನ್ಯಾಯಾಲಯದ ಬಗ್ಗೆ ಈ ದೇಶದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಸಿನಿಮಾ ಎನ್ನಲು ನಮಗೆ ಸಂಕೋಚವಿಲ್ಲ. ಅಲ್ಲಿ ಯಾರೂ ಗುಡುಗುವುದಿಲ್ಲ. ತಾರೀಖಿನ ಮೇಲೆ ತಾರೀಖು ಬೀಳುತ್ತದೆ, ಕಾಗದ ಸರಿಯಿಲ್ಲವೆಂದು ದಿನ ಕಳೆಯುತ್ತದೆ. ಬಡ ಲಾವಣಿಕಾರನ ಪರ ನಿಂತ ವಕೀಲ ಅನುಕೂಲಸ್ಥರ ಮನೆಯವನು ಎಂಬುದನ್ನು ಆ ಚಿತ್ರ ಮುಚ್ಚಿಡದೆ ತೋರಿಸುತ್ತದೆ. ಅಲ್ಲಿದೆ ಅದರ ನಿಜವಾದ ಒಳನೋಟ. ಮೊದಲ ಐದಾರು ವರ್ಷ ಆದಾಯವಿಲ್ಲದೆ ಬದುಕಬಲ್ಲವನು ಮಾತ್ರ ಈ ವೃತ್ತಿಯಲ್ಲಿ ಆದರ್ಶ ಇಟ್ಟುಕೊಳ್ಳಬಲ್ಲ. ಸೀನಿಯರ್ ಕೊಡುವ ಬಸ್‌ಚಾರ್ಜಿನಲ್ಲಿ ದಿನ ನೂಕಿದ ಜ್ಯೂನಿಯರುಗಳನ್ನು ಯಾವ ಬಾರ್ ರೂಮಿನಲ್ಲಾದರೂ ಕೇಳಿ ನೋಡಿ. 2024ರ ಅಕ್ಟೋಬರಿನಲ್ಲಿ ಪರಿಷತ್ತು ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿರೆಂದು ಸೀನಿಯರುಗಳಿಗೆ ಸಲಹೆ ಮಾಡಿತು. ಅದು ಸಲಹೆ, ಆಜ್ಞೆಯಲ್ಲ. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು, ಸನದಿನ ಶುಲ್ಕ ಕಾಯ್ದೆಯಲ್ಲಿರುವ 750 ರೂಪಾಯಿಯನ್ನು ಮೀರಬಾರದೆಂದು ತೀರ್ಪಿತ್ತಿತು. ಪರಿಶಿಷ್ಟರಿಗೆ ಅದು 125. ಅಲ್ಲಿಯವರೆಗೆ ಹಲವು ರಾಜ್ಯಗಳ ಪರಿಷತ್ತುಗಳು ಹದಿನೈದು ಸಾವಿರದಿಂದ ನಲವತ್ತು ಸಾವಿರದವರೆಗೆ ವಸೂಲು ಮಾಡುತ್ತಿದ್ದವು.

ಇಲ್ಲಿಯೇ ಮಾಜಿ ಸೈನಿಕನ ವಿಶೇಷವಿರುವುದು. ಅವನಿಗೆ ಪಿತ್ರಾರ್ಜಿತ ಚೇಂಬರಿಲ್ಲ, ಆದರೆ ಪಿಂಚಣಿಯಿದೆ. ಮನೆಯ ದಿನಸಿ ಅದರಲ್ಲಿ ನಡೆಯುತ್ತದೆ. ಬಡವನ ಮನೆಯಿಂದ ಬಂದು, ಫೀಸಿಗಾಗಿ ಹಪಹಪಿಸದೆ ಖಾನಾಪುರದಂಥ ಕೋರ್ಟಿನಲ್ಲಿ ಕೂರಬಲ್ಲವನು ಅವನು. ಆ ಕೋರ್ಟಿಗೆ ಬರುವವರಾದರೂ ಯಾರು? ವಾಟ್ನಿಯ ಜಗಳ ಹೊತ್ತು ಬರುವ ಅಣ್ಣತಮ್ಮಂದಿರು, ಉತಾರದಲ್ಲಿ ಹೆಸರು ತಪ್ಪಿದ ವಿಧವೆ, ಅರಣ್ಯ ಇಲಾಖೆಯ ಕೇಸಿಗೆ ಸಿಕ್ಕ ಗೌಳಿ. 2011ರಲ್ಲಿ ಭೀಮಗಡ ವನ್ಯಧಾಮವಾದ ಮೇಲೆ ಕಾಡಿನೊಳಗಿನ ಹಳ್ಳಿಗಳ ಹಕ್ಕಿನ ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೂರು ತಲೆಮಾರಿನ, 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಕಕ್ಷಿದಾರ ಮರಾಠಿಯಲ್ಲೋ ಕೊಂಕಣಿಯಲ್ಲೋ ಉರ್ದುವಿನಲ್ಲೋ ಕಷ್ಟ ಹೇಳಿಕೊಳ್ಳುತ್ತಾನೆ, ಪೊಲೀಸರ ದೋಷಾರೋಪ ಪಟ್ಟಿ ಕನ್ನಡದಲ್ಲಿರುತ್ತದೆ, ಉಲ್ಲೇಖಿಸಬೇಕಾದ ತೀರ್ಪು ಇಂಗ್ಲಿಷಿನಲ್ಲಿ. ಮುಂಬಯಿ ಪ್ರಾಂತದ ಕಾಲದ ಹಳೆಯ ಕಾಗದ ಹೊರತೆಗೆದರೆ ಅದು ಮೋಡಿ ಲಿಪಿ! ಮನೆಯಲ್ಲಿ ಕನ್ನಡವೋ ಮರಾಠಿಯೋ, ಪಲಟಣದಲ್ಲಿ ಹಿಂದಿ, ಕಾಲೇಜಿನಲ್ಲಿ ಕನ್ನಡ-ಇಂಗ್ಲಿಷ್ ಎಂದು ಬೆಳೆದವನಿಗೆ ಈ ಕೋರ್ಟು ಅಷ್ಟು ಪರಕೀಯವಲ್ಲ. ಭಾಷೆಯ ಹೆಸರಿನಲ್ಲಿ ಜಗಳ ಹಚ್ಚುವವರು ಬೆಳಗಾವಿಯಲ್ಲಿ ಬಹಳ ಮಂದಿ. ನಾಲ್ಕು ಭಾಷೆಯಲ್ಲಿ ಕಕ್ಷಿದಾರನ ಮಾತು ಕೇಳಿಸಿಕೊಳ್ಳಬಲ್ಲ ವಕೀಲರು ಅಷ್ಟಿಲ್ಲ.

ಹಾಗೆಂದು ಅವನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಸಲ್ಲ. ಅದು ‘ಮುತ್ತಿನ ಹಾರ’ದ ದಾರಿಗೇ ಮರಳಿದಂತಾದೀತು. ಆದೇಶ ಪಾಲಿಸಿದ ಮೈಗೆ ಪ್ರಶ್ನಿಸುವ ಅಭ್ಯಾಸ ಬೇಗ ಬರುವುದಿಲ್ಲ. ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರೆ ಎದೆಯೊಳಗಿನ ಸಿಪಾಯಿ ಅಟೆನ್ಷನ್‌ಗೆ ನಿಲ್ಲುತ್ತಾನೆ. ಒಳ್ಳೆಯ ವಕೀಲ ಅಲ್ಲಿ ‘ಸ್ವಾಮಿ, ಇನ್ನೊಂದು ಅಂಶವಿದೆ’ ಎನ್ನಬೇಕು. ಪೊಲೀಸರ ಮಾತನ್ನು ಮೊದಲೇ ನಂಬುವ ಗುಣವೂ ಅವನಲ್ಲಿರಬಹುದು. ಆರೋಪಿಯ ಪರ ನಿಲ್ಲುವವನಿಗೆ ಅದು ಅಪಾಯ. ನೆನಪಿನ ಶಕ್ತಿಯೂ ಇಪ್ಪತ್ತರ ಹುಡುಗರದ್ದಲ್ಲ. ಕಷ್ಟಪಟ್ಟು ಭಾರತೀಯ ದಂಡ ಸಂಹಿತೆಯ ಕಲಮುಗಳನ್ನು ಬಾಯಿಪಾಠ ಮಾಡಿದವನಿಗೆ 2024ರ ಜುಲೈ 1ರಿಂದ ಅವೆಲ್ಲ ಬೇರೆ ಸಂಖ್ಯೆಗಳಾದವು.

ಇನ್ನೊಂದು ವಿಪರ್ಯಾಸ. ಅವನ ಅನುಭವ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸೈನಿಕರ ಪಿಂಚಣಿ, ಅಂಗವೈಕಲ್ಯ ಭತ್ಯೆಗಳ ವ್ಯಾಜ್ಯಗಳಲ್ಲಿ. ಕೋರ್ಟ್ ಮಾರ್ಷಲ್ ವಿರುದ್ಧ ಮೇಲ್ಮನವಿಯೇ ಇಲ್ಲದಿರುವುದು ದೊಡ್ಡ ಕೊರತೆಯೆಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಕಾಯ್ದೆಯಾದದ್ದು 2007ರಲ್ಲಿ. ಅದರ ಪೀಠಗಳನ್ನು ಹಂಚಿದಾಗ ಕರ್ನಾಟಕವನ್ನು ಸೇರಿಸಿದ್ದು ಕೇರಳದ ಕೊಚ್ಚಿ ಪೀಠಕ್ಕೆ. ಖಾನಾಪುರದ ಹಳ್ಳಿಯ ಮಾಜಿ ಸಿಪಾಯಿ ಕೊಚ್ಚಿಗೆ ಹೋಗಿ ವಕೀಲರನ್ನು ಹುಡುಕುವುದೆಂದರೇನೆಂದು ದೆಹಲಿಯಲ್ಲಿ ಯಾರಾದರೂ ಯೋಚಿಸಿರಬಹುದೇ?

ಈ ಪ್ರಶ್ನೆಗಳು ಮುಂದೆ ಇನ್ನೂ ತೀವ್ರವಾಗಲಿವೆ. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾಯಿತು. ಅದರ ಮೊದಲ ತಂಡದ ಹುಡುಗರು 2023ರ ಜನವರಿಯಲ್ಲಿ ಬೆಳಗಾವಿಯ ಕೇಂದ್ರದಲ್ಲೂ ತರಬೇತಿಗೆ ಇಳಿದರು. ನಾಲ್ಕು ವರ್ಷ ಕಳೆದ ಮೇಲೆ ಇವರಲ್ಲಿ ಸೈನ್ಯದಲ್ಲಿ ಉಳಿಯುವವರು ಹೆಚ್ಚೆಂದರೆ ಶೇಕಡಾ 25. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಹಿಡಿದು, ಚಿಕ್ಕ ವಯಸ್ಸಿನಲ್ಲೇ ಹೊರಬರುತ್ತಾರೆ. ವಯಸ್ಸಿನ ಮಿತಿ ಇವರನ್ನು ಕಾಡದು. ಆದರೆ ಇವರಲ್ಲೊಬ್ಬ ಟಿಳಕವಾಡಿಯ ಕಾಲೇಜಿಗೆ ಅರ್ಜಿ ಹಾಕಿ, ಓದು ಮುಗಿಸಿ, ಖಾನಾಪುರದಲ್ಲಿ ಸೀನಿಯರ್ ಒಬ್ಬರ ಬಳಿ ಕೂರಬೇಕಾದಾಗ ಅವನ ಕೈಯಲ್ಲಿ ಹಿಂದಿನ ಹವಾಲ್ದಾರನಿಗಿದ್ದ ಪಿಂಚಣಿ ಇರುವುದಿಲ್ಲ.